ಇಳಿಜಾರಿನ ಹುಲ್ಲು

ಯಾವುದಾದರೊಂದು ವಸ್ತುವನ್ನು ತೀರ ಹಗುರಾಗಿ ಎಣಿಸಬೇಕಾದರೆ ನಮ್ಮವರು ಅದನ್ನು ಹುಲ್ಲಿಗೆ ಹೋಲಿಸುತ್ತಾರೆ. ಪಂಡಿತರು ‘ತೃಣಸಮಾನ’ವೆನ್ನುವರು, ಹಳ್ಳಿಯವರು ‘ಹುಲ್ಲುಕಡ್ಡಿಗೆ ಸಮ’ವೆನ್ನುವರು. ಹೀಗೆ ಹೇಳುವವರಲ್ಲಿ ಬಹುಮಂದಿ ಹುಲ್ಲನ್ನು ಒಂದೊಂದೇ ಕಡ್ಡಿಯಾಗಿ ಕಂಡವರಿರಬೇಕೆಂದು ನನ್ನ ಊಹೆ. ಅದೇ ಹುಲ್ಲು ಗಾಡಿಗಟ್ಟಲೆಯಾಗಿ, ಇಳಿಜಾರಿನಲ್ಲಿ, ತಮ್ಮ ಬೆನ್ನ ಹಿಂದೆ ಬರುವುದನ್ನು ಕಂಡವರು ಆ ಮಾತನ್ನು ಅಷ್ಟು ಸಲೀಸಾಗಿ ಆಡಲಾರರು. ನಾನು ಅದನ್ನು ನನ್ನ ಹತ್ತನೆಯ ವಯಸ್ಸಿನಲ್ಲಿ ಕಂಡೆನು.

ನಮ್ಮದು ಕಡೂರು ತಾಲ್ಲೂಕಿನ ದೇವನೂರು. ಜೈಮಿನಿ ಭಾರತವನ್ನು ರಚಿಸಿದ ಲಕ್ಷ್ಮೀಶನು ಈ ಊರಿನವನೆಂದು ನಾವು ನಂಬಿಕೊಂಡು ಬಂದಿದ್ದೇವೆ. ಆತನ ಇಷ್ಟದೈವವೆನ್ನಲಾದ ಲಕ್ಷ್ಮೀಕಾಂತನ ಗುಡಿಯೂ ಇಲ್ಲಿಯೇ ಇದೆ. ನಮ್ಮದು ಮಳೆ ಕಡಮೆಯಾದ ಸೀಮೆ. ರಾಗಿ ಕೈಗೆ ಬಂದರೆ ಮನುಷ್ಯರಿಗೆ ಹಬ್ಬ, ಹುಲ್ಲು ಕೈಗೆ ಬಂದರೆ ದನಗಳಿಗೆ ಹಬ್ಬ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯೆನಿಸಿ, ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆದ ದನಗಳ ತಳಿ ಇಂದಿಗೂ ಅಜ್ಜಂಪುರದ ಕ್ಷೇತ್ರದಲ್ಲಿ ಉಳಿದುಬಂದಿದೆ. ದನವನ್ನು ಹೀಗೆ ಸಂಪತ್ತೆಂದು ತಿಳಿದ ನಾಡಿನಲ್ಲಿ ಹುಲ್ಲಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸಿವುಡು ಬಿದ್ದರೂ ಗಾಡಿಯನ್ನು ನಿಲ್ಲಿಸಿ ಎತ್ತಿ ಹಾಕುವುದು ನಮ್ಮ ರೂಢಿ. ಅಪಾಯಕ್ಕೆ ಮೂಲ ಈ ರೂಢಿಯಲ್ಲಿಯೇ ಇದೆಯೆಂಬುದನ್ನು ನಾನು ತಡವಾಗಿ ತಿಳಿದೆನು.

ನಮ್ಮ ಸೋದರಮಾವನ ಮೇಲುಹೊಲವು ಇಳಿಜಾರಿನಲ್ಲಿತ್ತು. ಒಂದು ಪುಷ್ಯಮಾಸದ ಸಂಜೆ ಅಲ್ಲಿಂದ ರಾಗಿಹುಲ್ಲನ್ನು ಗಾಡಿಗೆ ಹೇರಿಕೊಂಡು ಇಳಿಯುತ್ತಿದ್ದೆವು. ನಡುದಾರಿಯಲ್ಲಿ ಬಿಗಿದ ಹಗ್ಗವು ಸಡಿಲಿತು. ಮಾವನು ಎತ್ತುಗಳನ್ನು ನಿಲ್ಲಿಸಿ, “ಚಕ್ರಕ್ಕೆ ಒಂದು ಕಲ್ಲು ಕೊಡೋ” ಎಂದು ನನಗೆ ಹೇಳಿ ಹಿಂದಕ್ಕೆ ಹೋದನು. ಬದುವಿನ ಮೇಲೆ ಚಪ್ಪಟೆಯಾದ ದೊಡ್ಡ ಕಲ್ಲೊಂದಿತ್ತು. ಅದನ್ನು ಎತ್ತಲು ನನಗೆ ಸೋಮಾರಿತನ. ಕಾಲ ಬಳಿ ದುಂಡಗಿನದೊಂದು ಕಲ್ಲು ಸಿಕ್ಕಿತು. ಅದನ್ನೇ ಉರುಳಿಸಿ ಚಕ್ರದ ಮುಂದಿಟ್ಟೆನು. ಉರುಳಿಕೊಂಡು ಬಂದ ಕಲ್ಲು ಉರುಳುವ ಚಕ್ರವನ್ನು ಹೇಗೆ ತಡೆದೀತೆಂಬ ವಿಚಾರವೇ ನನ್ನ ತಲೆಗೆ ಹೊಳೆಯಲಿಲ್ಲ.

ಮಾವನು ಹಗ್ಗವನ್ನು ಜಗ್ಗಿದನು. ಗಾಡಿ ಅಲುಗಿತು. ಕಲ್ಲು ಪಕ್ಕಕ್ಕೆ ಸರಿಯಿತು. ಹಿಂದಿನಿಂದ ಭಾರ ನೂಕಿದೊಡನೆ ಎತ್ತುಗಳು ಬೆದರಿ ಓಡತೊಡಗಿದವು. ಆಗ ಮಾವನು ಸುಮ್ಮನೆ ನಿಂತಿದ್ದರೆ ಒಂದು ಗಾಡಿ ಹುಲ್ಲು ಚೆಲ್ಲಾಪಿಲ್ಲಿಯಾಗುತ್ತಿತ್ತು, ಅಷ್ಟೆ. ಆದರೆ ಅವನು ಓಡಿಹೋಗಿ ಮುಂದಿನಿಂದ ನೊಗಕ್ಕೆ ಕೈಹಾಕಿದನು. ಒಂದು ಚಕ್ರ ಬದುವನ್ನು ಹತ್ತಿತು, ಗಾಡಿ ಮಗುಚಿತು. ಹುಲ್ಲನ್ನೆಲ್ಲ ಸರಿಸಿ ಅವನನ್ನು ಹೊರಕ್ಕೆ ತೆಗೆಯುವ ಹೊತ್ತಿಗೆ ಕತ್ತಲಾಗಿತ್ತು. ಜೀವವೇನೋ ಉಳಿಯಿತು, ಬಲಗಾಲು ಮತ್ತೆ ನೆಟ್ಟಗಾಗಲಿಲ್ಲ. ಅವನು ಆಮೇಲೆ ಬದುಕಿದ್ದ ಮೂವತ್ತು ವರ್ಷವೂ ಕೋಲೂರಿಯೇ ನಡೆದನು. ಕಲ್ಲನ್ನು ಇಟ್ಟವರು ಯಾರೆಂದು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಈಗ ಗಾಡಿಗಳು ಅಪರೂಪವಾಗಿವೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಯಂತ್ರವೊಂದು ಹೊಲದ ಹುಲ್ಲನ್ನು ಬಾಚಿ ಸುತ್ತಿ, ದಾರ ಬಿಗಿದು, ದುಂಡಗಿನ ಸುರುಳಿಯಾಗಿ ಹಿಂದಕ್ಕೆ ಹಾಕಿ ಹೋಗುತ್ತದೆ. ಜನರು ಇದನ್ನು ‘ರೋಲ್’ ಎನ್ನುತ್ತಾರೆ. ನಮ್ಮ ಕಡೆಯ ರೋಲು ಚಿಕ್ಕದು, 20 ಕಿಲೋಗ್ರಾಮಿನ ಆಸುಪಾಸು ತೂಗುತ್ತದೆ, ಒಬ್ಬಾಳು ಎತ್ತಬಹುದು. ಪಶ್ಚಿಮ ದೇಶಗಳ ರೋಲು ಹಾಗಲ್ಲ. ಅಮೆರಿಕದ ಅಯೋವಾ ಪ್ರಾಂತದಲ್ಲಿ ಗ್ಯಾರಿ ವರ್ಮೀರ್ ಎಂಬಾತನು 1971ರಲ್ಲಿ ದೊಡ್ಡ ಸುರುಳಿಗಳನ್ನು ಕಟ್ಟುವ ಯಂತ್ರವನ್ನು ಹೊರತಂದನು. ಹತ್ತಾಳಿನ ಕೆಲಸವನ್ನು ಒಬ್ಬನೇ ಮಾಡುವಂತಾಯಿತು. ಸುರುಳಿಯು ದುಂಡಗಿದ್ದುದರಿಂದ ಮಳೆನೀರೂ ಮೇಲಿನಿಂದಲೇ ಜಾರಿಹೋಗುತ್ತಿತ್ತು. ಆದರೆ ನೀರು ಜಾರಲು ಅನುಕೂಲವಾದ ಆಕಾರವೇ ತಾನು ಉರುಳಲಿಕ್ಕೂ ಅನುಕೂಲವಾದುದು. 2010ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಸುಮಾರು 600 ಕಿಲೋಗ್ರಾಮಿನ ಒಂದು ಸುರುಳಿ ಗುಡ್ಡದ ಹೊಲದಿಂದ ಉರುಳಿ, ಕೆಳಗಿನ ರಸ್ತೆಯಲ್ಲಿ ಹೋಗುತ್ತಿದ್ದ ವಾಹನಕ್ಕೆ ಬಡಿಯಿತು. ಅದರಲ್ಲಿದ್ದ ಮೈಕ್ ಎಡ್ವರ್ಡ್ಸ್ ಎಂಬ ಪ್ರಸಿದ್ಧ ಚೆಲ್ಲೊ ವಾದಕರು ತೀರಿಕೊಂಡರು. ಅವರಿಗೂ ಆ ಹೊಲಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಇದೇನು ಮಹಾ ವೇಗವೆಂದು ವಾಚಕರು ಕೇಳಬಹುದು. ಲೆಕ್ಕ ಸರಳವಾಗಿದೆ. ಅಂಥ ಸುರುಳಿ 10 ಮೀಟರಿನಷ್ಟು ಎತ್ತರದಿಂದ, ಅಡ್ಡಿಯಿಲ್ಲದೆ ಕೆಳಕ್ಕೆ ಉರುಳಿದರೆ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗವನ್ನು ಪಡೆಯುತ್ತದೆ. ತೂಕವು ಹೆಚ್ಚಾಗಲಿ ಕಡಮೆಯಾಗಲಿ ವೇಗ ಒಂದೇ, ಬೇರೆಯಾಗುವುದು ಪೆಟ್ಟು.

ಕಳೆದ ಸುಗ್ಗಿಯಲ್ಲಿ ಮಾವನ ಮೊಮ್ಮಗನು ಅದೇ ಮೇಲುಹೊಲಕ್ಕೆ ಆ ಯಂತ್ರವನ್ನು ಬಾಡಿಗೆಗೆ ತರಿಸಿದನು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ ವರ್ಷವನ್ನು ಕಂಡ ಮೇಲೆ ಹುಲ್ಲಿನ ವಿಷಯದಲ್ಲಿ ಅವನೂ ತಾತನಂತೆಯೇ ಆಗಿದ್ದಾನೆ. ರೋಲುಗಳನ್ನು ಹೊತ್ತು ಇಳಿಸುವುದೇಕೆಂದು ಹುಡುಗರು ಅವನ್ನು ಮೇಲಿನಿಂದ ಉರುಳಿಸತೊಡಗಿದರು. ಮೊದಲ ಮೂರು ನಾಲ್ಕು ಬದುವಿನ ಬಳಿ ವಿಧೇಯವಾಗಿ ನಿಂತವು. ಐದನೆಯದು ಬದುವಿಗೆ ತಾಗಿ ನೆಗೆದು, ದಿಕ್ಕು ಬದಲಿಸಿ, ಬಂಡಿದಾರಿಯ ಕಡೆಗೆ ಹೊರಟಿತು. ಆ ದಾರಿಯಲ್ಲಿ ಒಂದು ಎಮ್ಮೆಯೂ ಅದನ್ನು ಹೊಡೆದುಕೊಂಡು ಬರುತ್ತಿದ್ದ ಒಬ್ಬ ಮುದುಕಿಯೂ ಇದ್ದರು. ಕೆಳಗೆ ನಿಂತಿದ್ದ ಮೊಮ್ಮಗನು ಕೈಚಾಚಿಕೊಂಡು ಅದಕ್ಕೆ ಅಡ್ಡವಾಗಿ ಓಡಿದನು. ನಾನು ನನಗೇ ಗುರುತು ಸಿಕ್ಕದ ಧ್ವನಿಯಲ್ಲಿ, “ಬಿಡೋ! ಹೋದರೆ ಹೋಗಲಿ! ಅಜ್ಜೀ, ಹಿಂದಕ್ಕೆ!” ಎಂದು ಕೂಗಿದೆನು.

ಅವನು ನಿಂತನು. ಮುದುಕಿಯೂ ನಿಂತಳು. ರೋಲು ಅವರಿಬ್ಬರ ನಡುವೆ ಹಾದು, ಬೇಲಿಯ ಕಲ್ಲುಕಂಬವೊಂದನ್ನು ಕೆಡವಿ, ದಾರ ಹರಿದು ಬಿಚ್ಚಿಕೊಂಡಿತು. ಎಮ್ಮೆ ಮುಂದೆ ಬಂದು ಅದನ್ನು ಮೇಯತೊಡಗಿತು.

ಹುಡುಗರು ನಕ್ಕರು. ಮೊಮ್ಮಗನು ಮಾತ್ರ ಬಿದ್ದ ಕಂಬವನ್ನು ನೋಡಿ, “ಯಾಕೆ ಮಾವ, ಅಷ್ಟು ಜೋರಾಗಿ ಕೂಗಿಬಿಟ್ಟಿರಿ?” ಎಂದನು. ಆಗ ನಾನು ಅರವತ್ತು ವರ್ಷ ಬಚ್ಚಿಟ್ಟುಕೊಂಡಿದ್ದ ದುಂಡುಗಲ್ಲಿನ ಕಥೆಯನ್ನು ಅವನಿಗೆ ಹೇಳಿದೆನು.

ಆ ಸಂಜೆ ಕೆಲಸದ ಕ್ರಮವನ್ನು ಬದಲಾಯಿಸಿದೆವು. ರೋಲಿನ ದುಂಡುಮೈ ಇಳಿಜಾರನ್ನು ನೋಡುವಂತಿದ್ದರೆ ಅದು ಚಕ್ರ. ಅದನ್ನು ಕಾಲುಭಾಗ ತಿರುಗಿಸಿ, ಚಪ್ಪಟೆಮೈ ಇಳಿಜಾರಿನ ಕಡೆಗೆ ಬರುವಂತಿಟ್ಟರೆ ಅದು ಕಂಬ. ಯಂತ್ರವು ಹೊಲದ ಮೇಲಿನಿಂದ ಕೆಳಕ್ಕೆ ಬರುತ್ತ ರೋಲು ಹಾಕಿದರೆ ಅದು ಉರುಳುವ ಭಂಗಿಯಲ್ಲಿಯೇ ಬೀಳುತ್ತದೆ. ಆದುದರಿಂದ ಬಿದ್ದೊಡನೆ ತಿರುಗಿಸಬೇಕು, ಇಲ್ಲವೇ ಚಪ್ಪಟೆಮೈಯ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಕೆಲಸ ನಡೆಯುವಾಗ ಕೆಳಗಡೆ ಯಾರೂ ನಿಲ್ಲಬಾರದು. ಎಲ್ಲಕ್ಕಿಂತ ಮುಖ್ಯವಾದುದು, ಹೊರಟುಹೋದುದನ್ನು ಹಿಡಿಯಲು ಹೋಗಬಾರದು. ಇದನ್ನು ಕಲಿಯುವುದೇ ಕಷ್ಟ. ಕಷ್ಟಪಟ್ಟು ಬೆಳೆದುದು ಕಣ್ಣೆದುರಿನಲ್ಲಿ ಹಾಳಾಗುವಾಗ ಬುದ್ಧಿಗಿಂತ ಮೊದಲು ಕೈ ಮುಂದಾಗುತ್ತದೆ. ಲೋಭಿಯ ಕೈಯಲ್ಲ ಅದು, ದುಡಿದವನ ಕೈ.

ಲಕ್ಷ್ಮೀಶನ ಕಾವ್ಯದಲ್ಲಿ ಅಶ್ವಮೇಧದ ಕುದುರೆ ಅಂಕೆಯಿಲ್ಲದೆ ನಾಡುನಾಡುಗಳನ್ನು ಸುತ್ತುತ್ತದೆ. ಕಟ್ಟಿಹಾಕಲು ಹೋದ ಹಲವು ವೀರರು ಕಷ್ಟಕ್ಕೆ ಸಿಕ್ಕಿದರು. ಒಮ್ಮೆ ಅದು ಕಾಡಿನಲ್ಲಿ, ಶಾಪದಿಂದ ಶಿಲೆಯಾಗಿದ್ದ ಚಂಡಿಗೆ ಮೈ ತಾಗಿಸಿ ಅಲ್ಲಿಯೇ ಅಂಟಿಕೊಂಡು ನಿಂತಿತು. ಓಡುವುದನ್ನು ಕೈಯಿಂದ ಹಿಡಿಯುವುದಕ್ಕಿಂತ ಮೊದಲೇ ಒಂದು ಕಲ್ಲು ಸರಿಯಾದ ಸ್ಥಳದಲ್ಲಿರುವುದು ಲೇಸೆಂದು ನಮ್ಮೂರ ಕವಿಗೂ ತಿಳಿದಿತ್ತೇನೋ!

ಮಾವನ ವಿಷಯವಾಗಿ ಇನ್ನೊಂದು ಮಾತಿದೆ. ಆ ಅಪಘಾತವಾದ ಮರುವರ್ಷದಿಂದ, ನಾನು ಯಾವಾಗ ಗಾಡಿಯ ಚಕ್ರಕ್ಕೆ ಕಲ್ಲು ಕೊಡಲು ಬಗ್ಗಿದರೂ ಅವನು ಕೋಲನ್ನು ಊರಿಕೊಂಡು ನಿಂತು, “ಚಪ್ಪಟೆಯದನ್ನು ನೋಡಿ ಇಡಪ್ಪ” ಎನ್ನುತ್ತಿದ್ದನು. ಅದಕ್ಕಿಂತ ಹೆಚ್ಚಾಗಿ ಎಂದೂ ಏನನ್ನೂ ಹೇಳಲಿಲ್ಲ. ಅದು ಬರಿಯ ಎಚ್ಚರಿಕೆಯೆಂದು ನಾನು ಬಹುಕಾಲ ತಿಳಿದಿದ್ದೆನು. ಮೊಮ್ಮಗನಿಗೆ ಕಥೆಯನ್ನು ಹೇಳುತ್ತಿರುವಾಗ, ಮಾವನಿಗೆ ಮೊದಲ ದಿನದಿಂದಲೇ ಎಲ್ಲವೂ ತಿಳಿದಿತ್ತೆಂಬುದು ನನಗೆ ಹೊಳೆಯಿತು.

ಬದುವಿನ ಮೇಲಿನ ಆ ಚಪ್ಪಟೆ ಕಲ್ಲು ಈಗಲೂ ಅಲ್ಲಿಯೇ ಇದೆ. ಈ ವಯಸ್ಸಿನಲ್ಲಿ ಅದನ್ನು ನಾನೊಬ್ಬನೇ ಎತ್ತಲಾರೆ. ಆ ಸಂಜೆ ನಾವಿಬ್ಬರೂ ಕೂಡಿ ಅದನ್ನು ಎತ್ತಿ ಟ್ರ್ಯಾಕ್ಟರಿನ ಚಕ್ರಕ್ಕೆ ಕೊಟ್ಟೆವು.