ಅಲಗು ಹಳೆಯದು, ಹಿಡಿ ಹೊಸದು

ಶ್ರೀರಂಗಪಟ್ಟಣದ ಕೋಟೆಯನ್ನು ಹೊಕ್ಕ ಪ್ರವಾಸಿಗನಿಗೆ ಮೊದಲು ನೆನಪಾಗುವುದು ಟಿಪ್ಪುವಿನ ಖಡ್ಗ. 1799ರ ಮೇ 4ರಂದು ಈ ಕೋಟೆ ಬಿದ್ದ ಮೇಲೆ ಆತನ ಆಯುಧಗಳು ಅನೇಕವು ಕಡಲು ದಾಟಿ ಹೋದವು. ಅವುಗಳಲ್ಲಿ ಕೆಲವು ಕತ್ತಿಗಳ ಹಿಡಿ ಹುಲಿಯ ಮುಖದ್ದು. ಅಲಗಿನ ಹೊಳಪನ್ನು ಕೊಂಡಾಡುವವರು ಒಂದು ಸಂಗತಿಯನ್ನು ಗಮನಿಸುವುದು ಕಡಿಮೆ: ಅರಸನು ತನ್ನ ಹುಲಿಯನ್ನು ಕೂರಿಸಿದ್ದು ಕೈ ಹಿಡಿಯುವ ಎಡೆಯಲ್ಲಿ.

ಕೋಟೆಯಿಂದಾಚೆ ಕಾವೇರಿಯ ದಂಡೆಗಳಲ್ಲಿ ಭತ್ತ ಮತ್ತು ಕಬ್ಬಿನ ಹಸುರು ಹಬ್ಬಿದೆ. ಇಲ್ಲಿಯ ಆಯುಧಗಳು ಕುಡುಗೋಲು, ಮಚ್ಚು, ಗುದ್ದಲಿ. ಇವುಗಳ ಹಿಡಿಯ ಮೇಲೆ ಹುಲಿಯಿಲ್ಲ; ವರ್ಷಗಟ್ಟಲೆ ಬೆವರು ಕುಡಿದು ಕಪ್ಪಾದ ಮರವಿದೆ. ಆದರೂ ಈ ನಾಡಿನ ಬೆಳೆ ಕೈಸೇರುವುದು ಆ ಮರದ ಮೂಲಕವೇ.

ಉತ್ತರಕ್ಕೆ ಸಾಗಿದರೆ ಪಾಂಡವಪುರ. ಹೈದರ್ ಮತ್ತು ಟಿಪ್ಪುವಿಗೆ ನೆರವಾದ ಫ್ರೆಂಚರು ಬೀಡುಬಿಟ್ಟಿದ್ದ ಕಾರಣ ಹಿಂದೆ ಇದಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಈಗ ಇದು ಕುಂತಿಬೆಟ್ಟದ ಊರು, ಸಕ್ಕರೆ ಕಾರ್ಖಾನೆಯ ಊರು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿದು ಈ ಸೀಮೆಗೆ ಕಬ್ಬನ್ನು ತಂದಿತು. ಕಬ್ಬನ್ನು ನೆಲಕ್ಕೆ ಸಮನಾಗಿ ಕಡಿಯಬೇಕು. ಬುಡದ ಗೆಣ್ಣುಗಳಲ್ಲಿಯೇ ಸಕ್ಕರೆಯ ಅಂಶ ಹೆಚ್ಚು. ಮೋಟು ಉಳಿದರೆ ಆ ಸಕ್ಕರೆಯೂ ನಷ್ಟ. ಮುಂದಿನ ಕೂಳೆ ಬೆಳೆಯ ಮೊಳಕೆಯೂ ನೆಲದಡಿಯಿಂದ ಬಾರದೆ ಮೋಟಿನಿಂದ ಹೊರಟು ಸೊರಗುತ್ತದೆ. ಹಿಡಿ ಸವೆದು ನುಣುಪಾದ ಮಚ್ಚು ಬೆವರಿದ ಅಂಗೈಯಲ್ಲಿ ಜಾರುತ್ತದೆ. ಜಾರದಿರಲೆಂದು ಕೈ ಬಿಗಿಯುತ್ತದೆ. ಬಿಗಿದ ಕೈ ಬೇಗ ಸೋಲುತ್ತದೆ. ಸೋತ ಕೈ ನೆಲ ಬಿಟ್ಟು ಮೇಲೆ ಕಡಿಯುತ್ತದೆ. ಒಂದು ತುಂಡು ಮರದ ಉದಾಸೀನ ಎರಡು ವರ್ಷದ ಬೆಳೆಯನ್ನು ಮುಟ್ಟುವುದು ಹೀಗೆ.

ಸಿರಿವಂತರ ಆಟಕ್ಕೂ ಇದೇ ನ್ಯಾಯ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿಗೆ ಗಾಲ್ಫ್ ಮೈದಾನವಿದೆ. ಗಾಲ್ಫ್ ಕೋಲಿನ ರಬ್ಬರ್ ಹಿಡಿ ಸವೆದರೆ ಆಟಗಾರನ ಕೈಯೂ ಬಿಗಿಯುತ್ತದೆ, ಹೊಡೆತ ಹದ ತಪ್ಪುತ್ತದೆ. ಆಗ ಹಳೆಯದನ್ನು ಸೀಳಿ ತೆಗೆದು, ಕೋಲಿಗೆ ಎರಡೂ ಮುಖಕ್ಕೆ ಅಂಟಿರುವ ಪಟ್ಟಿಯನ್ನು ಸುತ್ತಿ, ದ್ರಾವಕ ಸುರಿದು, ಅದು ಆರುವ ಮೊದಲೇ ಹೊಸ ಹಿಡಿಯನ್ನು ತೊಡಿಸುತ್ತಾರೆ. ಬೆರಳ ತುದಿಗಳು ಅಂಗೈಯನ್ನು ಹಗುರವಾಗಿ ಸೋಕಿದರೆ ಅಳತೆ ಸರಿ ಎಂಬುದು ಅವರ ಲೆಕ್ಕ.

ಹೇಮಾವತಿಯ ಸೀಮೆಯಾದ ಕೃಷ್ಣರಾಜಪೇಟೆಯ ಮಗ್ಗುಲಲ್ಲೇ ಹೊಸಹೊಳಲು. ಅಲ್ಲಿನ ಲಕ್ಷ್ಮೀನಾರಾಯಣ ದೇಗುಲದೊಳಗೆ ಹೊಯ್ಸಳರ ಶಿಲ್ಪಿಗಳು ತಿರುಗಣೆಯಲ್ಲಿ ಕಡೆದ ಕಲ್ಲುಕಂಬಗಳಿವೆ. ಕಲ್ಲನ್ನು ಮರದಂತೆ ಉರುಟಾಗಿಸಿದ ಆ ಜಾಣ್ಮೆಯನ್ನು ಕಂಡು ಬೆರಗಾದವರು ಹಳ್ಳಿಯ ಕುಲುಮೆಯತ್ತಲೂ ಒಮ್ಮೆ ಕಣ್ಣು ಹಾಯಿಸಬೇಕು. ಕುಡುಗೋಲಿಗೆ ಹಿಡಿ ಹಾಕುವ ಕಮ್ಮಾರನು ಅಲಗಿನ ಚೂಪಾದ ಹಿಂತುದಿಯನ್ನು ಕೆಂಪಗೆ ಕಾಯಿಸುತ್ತಾನೆ. ಮರದ ಹಿಡಿಯೊಳಗೆ ಅದನ್ನು ಹೊಗೆಯಾಡುವಂತೆ ಇಳಿಸುತ್ತಾನೆ. ಮರವು ತಾನೇ ಸುಟ್ಟುಕೊಂಡು ಕಬ್ಬಿಣಕ್ಕೆ ತಕ್ಕ ಮನೆಯನ್ನು ಮಾಡಿಕೊಡುತ್ತದೆ. ಬಾಯಿ ಸೀಳದಂತೆ ಕಬ್ಬಿಣದ ಬಳೆಯೊಂದು ಕಾವಲಿರುತ್ತದೆ. ಮರವೆಂದರೆ ಜಾಲಿ, ಗಟ್ಟಿ, ಬಾಳಿಕೆಯದು, ಹೊಲದ ಬದುವಿನಲ್ಲೇ ಸಿಗುವಂಥದು.

ನಾಗಮಂಗಲವನ್ನು ಸಮೀಪಿಸುತ್ತಿದ್ದಂತೆ ನೆಲ ಒಣಗುತ್ತದೆ. ಗದ್ದೆ ಹಿಂದುಳಿದು ರಾಗಿ ಹೊಲಗಳು ಮುಂದೆ ಬರುತ್ತವೆ. ಸೌಮ್ಯಕೇಶವನ ಗುಡಿಗೂ ಲೋಹವಿಗ್ರಹಗಳ ಎರಕಕ್ಕೂ ಹೆಸರಾದ ಈ ಊರಿನ ಸುತ್ತಿನ ಬಿಸಿಲಿನಲ್ಲಿ ಗುದ್ದಲಿಯ ಕಾವು ಒಣಗಿ ಕುಗ್ಗಿ ಸಡಿಲವಾಗುತ್ತದೆ. ರಾತ್ರಿ ನೀರಿನಲ್ಲಿ ನೆನೆಸಿದರೆ ಬೆಳಿಗ್ಗೆಗೆ ಬಿಗಿ. ಮತ್ತೆ ಒಣಗಿದರೆ ಮತ್ತೆ ಸಡಿಲ. ಬೆಣೆ ಹೊಡೆಯುವುದು ಇನ್ನೊಂದು ಉಪಾಯ. ಸವೆದ ಹಿಡಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತುವುದೂ ಉಂಟು. ಆದರೆ ರಬ್ಬರಿನಡಿಯ ಬಿರುಕು ಕಣ್ಣಿಗೆ ಕಾಣದು. ಒಂದು ದಿನ ಬೀಸಿದ ಅಲಗು ಕಳಚಿ ಹಾರಿದಾಗ ಪಕ್ಕದಲ್ಲಿದ್ದವರ ಕಾಲಿಗೆ ಅಪಾಯ.

ಈಗ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಹಿಡಿಯ ಕುಡುಗೋಲು ಅಗ್ಗಕ್ಕೆ ಸಿಗುತ್ತದೆ. ದೊಡ್ಡ ಗದ್ದೆಗಳಿಗೆ ಕೊಯ್ಲಿನ ಯಂತ್ರವೇ ಬರುತ್ತದೆ. ಅಗ್ಗದ ಹಿಡಿಗೆ ಇರುವುದು ಒಂದೇ ಅಳತೆ. ಕೊಯ್ಲಿಗೆ ಬಾಗುವ ಹೆಣ್ಣಿನ ಅಂಗೈಯೂ ಗಂಡಿನ ಅಂಗೈಯೂ ಒಂದೇ ಅಳತೆಯವಲ್ಲ. ಕುಲುಮೆಯಲ್ಲಾದರೆ ಅತ್ತೆಯ ಕುಡುಗೋಲು ಸೊಸೆಯ ಕೈಗೆ ಬರುವಾಗ ಅಲಗು ಹಳೆಯದೇ ಉಳಿದು, ಹಿಡಿ ಮಾತ್ರ ಅವಳ ಅಂಗೈಗೆ ತಕ್ಕಂತೆ ಬದಲಾಗುತ್ತದೆ. ಕುಲುಮೆಯ ಬೆಂಕಿ ಆರಿದರೆ ಈ ಉಪಕಾರವೂ ಆರಿತು.

1610ರಲ್ಲಿ ರಾಜ ಒಡೆಯರು ದಸರೆಯನ್ನು ಆರಂಭಿಸಿದ್ದು ಶ್ರೀರಂಗಪಟ್ಟಣದಲ್ಲಿ. ಆಯುಧಪೂಜೆಯ ದಿನ ಅರಮನೆಯ ಖಡ್ಗಕ್ಕೆ ಸಲ್ಲುವ ಕುಂಕುಮವೇ ಈ ನಾಲ್ಕು ತಾಲ್ಲೂಕುಗಳ ಮನೆಮನೆಯ ಕುಡುಗೋಲಿಗೂ ಸಲ್ಲುತ್ತದೆ. ಬೊಟ್ಟು ಬೀಳುವುದು ಅಲಗಿಗೆ. ಮರುದಿನ ಹೊಲಕ್ಕೆ ಹೊರಟವಳ ಕೈ ಮೊದಲು ತಡವುವುದು ಮಾತ್ರ ಹಿಡಿಯನ್ನು.