ಗಿಟಾರಿನವರ ಲೆಕ್ಕಾಚಾರ: ಕೆಲವು ಟಿಪ್ಪಣಿಗಳು

ಬೆಂಗಳೂರಿನ ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’ ಬ್ಯಾಂಡ್ ಶುರುವಾದದ್ದು 1996ರಲ್ಲಿ. ಆ ವರ್ಷ ಹುಟ್ಟಿದ ಮಕ್ಕಳು ಈಗ ಗೃಹಸಾಲದ ಕಂತು ಕಟ್ಟುತ್ತಿದ್ದಾರೆ. ಇವರದು ಇಂಗ್ಲಿಷ್ ಹಾಡು, ಬರೆಯುವವರೂ ಇವರೇ, ಸಿನಿಮಾದ ಆಸರೆಯಿಲ್ಲ. ಹೊಟ್ಟೆಪಾಡು ಹೇಗೆ?

ಅರ್ಧ ಉತ್ತರ ಸಿಕ್ಕಿತು. ಟಾಕಾಡೆಮಿ ಎಂಬ ಸಂಗೀತ ಶಾಲೆ ಇವರದೇ. ಕಛೇರಿಯಲ್ಲಿ ಹೆಸರು, ಪಾಠದಲ್ಲಿ ಅನ್ನ. ಬಸವನಗುಡಿ, ಮಲ್ಲೇಶ್ವರದ ವಿದ್ವಾಂಸರು ಮಾಡಿಕೊಂಡು ಬಂದದ್ದೂ ಇದನ್ನೇ ಅಲ್ಲವೆ?

2005ರಲ್ಲಿ ಇವರು ‘ಪ್ಲಾನ್ ಬಿ’ ಆಲ್ಬಮನ್ನು ಅಂತರ್ಜಾಲದಲ್ಲಿ ಪುಕ್ಕಟೆ ಬಿಟ್ಟರು. ಕೈಯಿಂದ ಖರ್ಚು ಮಾಡಿ ರೆಕಾರ್ಡ್ ಮಾಡಿದ್ದನ್ನು ಬಿಟ್ಟಿ ಹಂಚುವುದೆಂದರೇನು? ಆಗ ಮನೆಯವರು ಏನಂದರೋ. ಈಗ ನೋಡಿದರೆ ಎಲ್ಲರ ಹಾಡೂ ಮೊಬೈಲಿನಲ್ಲಿ ಹೆಚ್ಚುಕಮ್ಮಿ ಬಿಟ್ಟಿಯೇ. ಹೊಸ ಹಾಡು ಮದುವೆಯ ಕರೆಯೋಲೆ ಇದ್ದ ಹಾಗೆ: ಅಚ್ಚು ಹಾಕಿಸುವ ಖರ್ಚು ನಮ್ಮದು, ಹಂಚುವುದು ಊರಿಗೆಲ್ಲ, ಮುಯ್ಯಿ ಬರುವುದು ಮಂಟಪಕ್ಕೆ ಬಂದವರಿಂದ ಮಾತ್ರ. ಅದಕ್ಕೇ ಹಾಡು ಬಂದ ಬೆನ್ನಿಗೇ ಊರೂರು ತಿರುಗಿ ಶೋ ಕೊಡುವುದು. ಆದರೆ ಇದೇ ಬ್ಯಾಂಡಿನ ‘ಎ ವರ್ಲ್ಡ್ ಗಾನ್ ಮ್ಯಾಡ್’ ಹೊರಬಂದದ್ದು 2020ರಲ್ಲಿ, ವೇದಿಕೆಗಳೆಲ್ಲ ಬೀಗ ಹಾಕಿಕೊಂಡ ವರ್ಷ.

ಹಾಡುಗಳು ಶುಕ್ರವಾರವೇ ಯಾಕೆ ಬರುತ್ತವೆ? 2015ರ ಜುಲೈಯಿಂದ ಜಗತ್ತಿನ ರೆಕಾರ್ಡ್ ಕಂಪನಿಗಳು ಆ ದಿನವನ್ನು ಗೊತ್ತು ಮಾಡಿಕೊಂಡಿವೆ. ಯಾವ ಕಂಪನಿಯ ಹಂಗೂ ಬೇಡ ಎನ್ನುವ ಇಂಡಿ ಹುಡುಗರೂ ಶುಕ್ರವಾರವನ್ನೇ ಹಿಡಿಯುತ್ತಾರೆ. ನನಗೆ ಅರ್ಥವಾಗಿಲ್ಲ.

ಸೌಂಡ್ ಚೆಕ್ ಎಂಬುದು ಇನ್ನೊಂದು ಒಗಟು. ಸುಗಮ ಸಂಗೀತದವರು ಹಾರ್ಮೋನಿಯಮ್ಮಿಗೆ ಶ್ರುತಿ ಹೊಂದಿಸಿ, ತಬಲಾಕ್ಕೆ ಸುತ್ತಿಗೆಯ ನಾಲ್ಕು ಏಟು ಕೊಟ್ಟು, ‘ಹಲೋ ಮೈಕ್ ಟೆಸ್ಟಿಂಗ್’ ಅಂದರೆ ಮುಗಿಯಿತು. ಇಲ್ಲಿ ಸಂಜೆ ನಾಲ್ಕರಿಂದ ಡ್ರಮ್ಮಿನವನು ಒಂದೇ ಡ್ರಮ್ಮನ್ನು ಗುದ್ದುತ್ತಾನೆ. ‘ಮಾನಿಟರಲ್ಲಿ ನನ್ನ ವಾಯ್ಸ್ ಸ್ವಲ್ಪ ಜಾಸ್ತಿ ಮಾಡಿ ಗುರೂ’ ಎಂದು ಹಾಡುವವನು ತನ್ನ ಕಾಲಬುಡದ ಸ್ಪೀಕರ್ ತೋರಿಸಿ ಬೇಡಿಕೊಳ್ಳುತ್ತಾನೆ. ಆಮೇಲೆ ಗಿಟಾರಿನವನೂ ಅದನ್ನೇ ಕೇಳುತ್ತಾನೆ. ಎಂಟಕ್ಕೆ ಎಂದ ಕಾರ್ಯಕ್ರಮ ಒಂಬತ್ತು ದಾಟುತ್ತದೆ. ಇಷ್ಟೆಲ್ಲ ತಿದ್ದಿದ ಮೇಲೂ ಹಿಂದೆ ನಿಂತವರಿಗೆ ಸಾಹಿತ್ಯ ಒಂದಕ್ಷರ ಕೇಳಿಸದು. ಕುರ್ಚಿಯೂ ಇಲ್ಲ. ಆದರೂ ಹುಡುಗ ಹುಡುಗಿಯರು ಕಣ್ಣು ಮುಚ್ಚಿ ಜೊತೆಗೆ ಹಾಡುತ್ತಾರೆ; ಅಂದರೆ ಕರೆಯೋಲೆ ತಲುಪಿದೆ.

ಬೆಂಗಳೂರಿನದೇ ಇನ್ನೊಂದು ಬ್ಯಾಂಡ್ ‘ಸ್ವರಾತ್ಮ’ದ ಮೊದಲ ಆಲ್ಬಮ್ ಬಂದದ್ದು 2009ರಲ್ಲಿ. ವೇದಿಕೆಯ ಮೇಲೆ ಅದರ ಗಾಯಕ ವಾಸು ದೀಕ್ಷಿತ್ ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ಕುಣಿಯುವುದನ್ನು ಕಂಡಾಗ ನನಗೆ ಜೀವ ಬಂತು, ಇದು ನಮ್ಮ ಜಾತ್ರೆಯದು! ಆ ಆಲ್ಬಮಿನಲ್ಲೇ ‘ಈ ಭೂಮಿ’ ಎಂಬ ಕನ್ನಡ ಹಾಡಿದೆ. ಕಾವೇರಿಯ ಬಗ್ಗೆ ಇರುವ ‘ಪ್ಯಾಸಿ’ ಮಾತ್ರ ಹಿಂದಿಯಲ್ಲಿದೆ. ಕಾವೇರಿಯ ಕಷ್ಟ ಹಿಂದಿಯಲ್ಲೇಕೆ? ದಿಲ್ಲಿಗೆ ಕೇಳಿಸಲಿ ಎಂದಿದ್ದರೆ ಒಪ್ಪಬಹುದು.

ಕುಡಿಸಲು ಒಂದು ಲೈಸೆನ್ಸ್, ಹಾಡಿಸಲು ಇನ್ನೊಂದು. ಬೆಂಗಳೂರಿನ ಬಾರು, ಹೋಟೆಲುಗಳಲ್ಲಿ ಲೈವ್ ಸಂಗೀತಕ್ಕೆ ಪೊಲೀಸರ ಪರವಾನಗಿ ಬೇಕೆನ್ನುವ ಆದೇಶ 2005ರದು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವರ್ಷ ಎಷ್ಟೋ ಕಡೆ ಹಾಡು ನಿಂತಿತು. ಸದ್ದಿನಿಂದ ನೆರೆಹೊರೆಯವರಿಗೆ ನಿದ್ದೆ ಕೆಡುವುದು ನಿಜ, ನಾನೂ ಬೈದವನೇ. ಆದರೆ ಬೋರ್‌ವೆಲ್ ಲಾರಿಗೆ ಅಷ್ಟು ಕಾಗದಪತ್ರ ಯಾರೂ ಕೇಳುವುದಿಲ್ಲ. ಇಂದಿರಾನಗರದ ‘ಹಮ್ಮಿಂಗ್ ಟ್ರೀ’ 2019ರಲ್ಲಿ ಮುಚ್ಚಿತು. ಸ್ವಂತ ಹಾಡನ್ನೇ ಹಾಡಿ ಎಂದು ಕರೆಯುವ ಜಾಗ ಹಾಗೊಂದು ಕಡಿಮೆಯಾಯಿತು. ಉಳಿದ ಹಲವು ಕಡೆ ಹಳೆಯ ಹಿಟ್‌ಗಳನ್ನೇ ಕೇಳುತ್ತಾರೆ.

ಲೆಕ್ಕ ಇನ್ನೂ ಕೂಡಿಬಂದಿಲ್ಲ. ಬ್ಯಾಂಡಿನಲ್ಲಿ ನಿಮಗೆ ಪರಿಚಯದ ಹುಡುಗರಿದ್ದರೆ ದಯವಿಟ್ಟು ಪುಕ್ಕಟೆ ಪಾಸು ಕೇಳಬೇಡಿ. ಟಿಕೆಟ್ ಕೊಂಡು ಒಳಗೆ ಹೋಗಿ. ಹಾಡು ಹಿಡಿಸಿದರೆ ಬಾಗಿಲ ಬಳಿ ಮಾರುವ ಟೀ ಶರ್ಟನ್ನೂ ಕೊಳ್ಳಿ, ಅಳತೆ ಸರಿಹೋಗದಿದ್ದರೂ ಪರವಾಗಿಲ್ಲ.