ರಂಗಭಾವನ ಚಪ್ಪಲಿ, ಜೀಪಿನ ಸ್ಟೆಪ್ನಿ

ಬಿಳಿಗಿರಿರಂಗನ ಬೆಟ್ಟದ ರಂಗನಾಥಸ್ವಾಮಿಗೆ ಎರಡು ವರ್ಷಕ್ಕೊಮ್ಮೆ ಹೊಸ ಚಪ್ಪಲಿ ಸಲ್ಲುತ್ತದೆ. 1 ಅಡಿ 9 ಅಂಗುಲ ಉದ್ದದ ತೊಗಲಿನ ಜೋಡು. ಸ್ವಾಮಿ ರಾತ್ರಿ ಹೊತ್ತು ಕಾಡು ಸುತ್ತುತ್ತಾನೆ, ಸುತ್ತಿ ಸುತ್ತಿ ಚಪ್ಪಲಿ ಸವೆಯುತ್ತದೆ ಎಂಬುದು ನಂಬಿಕೆ. ಇಲ್ಲಿನ ಸೋಲಿಗರಿಗೆ ಆತ ತಮ್ಮ ಹೆಣ್ಣುಮಗಳು ಕುಸುಮಾಲೆಯ ಕೈಹಿಡಿದ ಭಾವ. ಭಾವನ ಚಪ್ಪಲಿಯನ್ನೇ ಬಿಡದ ನೆಲ ಜೀಪಿನ ಟೈರನ್ನು ಬಿಟ್ಟೀತೆ?

ಯಳಂದೂರಿನಿಂದ ಡಾಂಬರು ರಸ್ತೆಯಲ್ಲಿ ಬರುವ ಪ್ರವಾಸಿಗೆ ಈ ಚಿಂತೆ ಅಷ್ಟಿಲ್ಲ. ಕಷ್ಟವೆಲ್ಲ ಪೋಡುಗಳಿಗೆ ಹೋಗುವ ಮಣ್ಣಿನ ಜಾಡಿನಲ್ಲಿ. ಮಳೆ ಕೊಚ್ಚಿದಲ್ಲಿ ಕಲ್ಲು ಎದ್ದಿರುತ್ತದೆ, ಅಂಚಿಗೆ ಲಂಟಾನ. ಹಸಿರು ಪೊದೆಗಿಂತ ಕಡಿದುಬಿಟ್ಟ ಅದರ ಬುಡವೇ ಹೆಚ್ಚು ಅಪಾಯ. ಚೂಪಾದ ಆ ಕೂಳೆ ಟೈರಿನ ಪಕ್ಕೆಯನ್ನೇ ಸೀಳುತ್ತದೆ. ಜೀಪಿನಲ್ಲಿರುವುದು ಆಸ್ಪತ್ರೆಗೆ ಹೊರಟ ಬಸುರಿಯಾದರೆ? ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಬೆಟ್ಟದಲ್ಲೇ ಇದೆ, ನಿಜ. ಆದರೆ ಅಲ್ಲಿಯವರೆಗೆ ಚಕ್ರ ಉರುಳಬೇಕಲ್ಲ!

ಊರಿನ ಮೊಳೆ ಚುಚ್ಚುವುದು ಟೈರಿನ ಅಡಿಗೆ. ಅಲ್ಲಿ ರಬ್ಬರು ದಪ್ಪ. 6 ಮಿಲಿಮೀಟರಿಗಿಂತ ಚಿಕ್ಕ ತೂತಾದರೆ ತೇಪೆ ಹಾಕಿ ನಿಶ್ಚಿಂತೆಯಿಂದ ಓಡಿಸಬಹುದು. ಪಕ್ಕೆಯ ಮಾತೇ ಬೇರೆ. ಅಲ್ಲಿ ರಬ್ಬರು ತೆಳು, ಭಾರ ತಡೆಯುವುದು ಒಳಗಿನ ನೂಲಿನ ಹುರಿ. ಚಕ್ರದ ಪ್ರತಿ ಸುತ್ತಿಗೂ ಪಕ್ಕೆ ಒಮ್ಮೆ ಉಬ್ಬಿ ಮತ್ತೆ ನೆಟ್ಟಗಾಗುತ್ತದೆ. ಹುರಿ ಹರಿದ ಜಾಗದ ತೇಪೆ ಈ ಕುಣಿತವನ್ನು ತಾಳದು. ಟ್ಯೂಬಿನ ಟೈರಾದರೆ ಒಳಗೆ ಹಳೆಯ ಟೈರಿನ ತುಂಡಿಟ್ಟು ಹತ್ತಿರದ ಅಂಗಡಿ ಮುಟ್ಟುವ ಹಳೆಯ ಉಪಾಯವೊಂದಿದೆ. ಘಟ್ಟ ಇಳಿಯುವಾಗ ಅದನ್ನು ನಂಬಬಾರದು. ಪಕ್ಕೆ ಹರಿದ ಟೈರು ಸತ್ತಂತೆಯೇ.

ಹಾಗಾಗಿ ಇಲ್ಲಿನ ಚಾಲಕರಿಗೆ ಸ್ಟೆಪ್ನಿಯೇ ಗತಿ. 2011ರಿಂದ ಇದು ಹುಲಿ ಸಂರಕ್ಷಿತ ಪ್ರದೇಶ. ಆನೆಯಂತೂ ಯಾವ ತಿರುವಿನಲ್ಲೂ ನಿಂತಿರಬಹುದು. ಅನುಭವಿ ಚಾಲಕ ತಕ್ಷಣ ಕೆಳಗಿಳಿಯುವುದಿಲ್ಲ. ಎಂಜಿನ್ ನಿಲ್ಲಿಸಿ ಒಂದು ನಿಮಿಷ ಕಿವಿಗೊಡುತ್ತಾನೆ. ಬಿದಿರು ಮುರಿಯುವ ಸದ್ದು ಕೇಳಿದರೆ ಟೈರಿನ ಕೆಲಸ ಆಮೇಲೆ.

ಇಳಿದ ಮೇಲೆ ಅವಸರವಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಬೇರೆ ಚಕ್ರಕ್ಕೆ ಇಳಿಜಾರಿನ ಕಡೆಯಿಂದ ಕಲ್ಲು ಕೊಡಬೇಕು. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಬಲ ಹಾಕಿದರೆ ಜೀಪು ಜಾಕಿನಿಂದ ಜಾರುತ್ತದೆ. ಮಳೆಗಾಲದಲ್ಲಿ ಜಾಕೇ ಕೆಸರಿಗೆ ಹೂತುಹೋಗುತ್ತದೆ. ಅದಕ್ಕೆಂದೇ ಸೀಟಿನಡಿ ಒಂದು ಹಲಗೆ ತುಂಡು. ಹೊಸ ಚಕ್ರದ ನಟ್ಟುಗಳನ್ನು ಎದುರು ಬದುರಾಗಿ ಬಿಗಿದು, ಸ್ವಲ್ಪ ದೂರ ಹೋಗಿ ಮತ್ತೊಮ್ಮೆ ಬಿಗಿಯಬೇಕು. ಸ್ಟೆಪ್ನಿ ಉಳಿದ ಟೈರುಗಳ ಅಳತೆಯದೇ ಆಗಿರಬೇಕು. ನಾಲ್ಕೂ ಚಕ್ರ ಎಳೆಯುವ ಜೀಪಿನಲ್ಲಿ ಒಂದು ಚಿಕ್ಕದಾದರೆ ಗೇರುಗಳು ಒಂದರೊಡನೊಂದು ಜಗಳಕ್ಕೆ ಬೀಳುತ್ತವೆ.

ಇನ್ನು ಸತ್ತ ಟೈರು. ಅದನ್ನು ಮನೆ ಹಿಂದೆ ಬಿಸಾಡಿದರೆ ನೀರು ನಿಂತು ಸೊಳ್ಳೆಯ ತವರಾಗುತ್ತದೆ. ಹಿಂದೆ ಸಂತೆಗಳಲ್ಲಿ ಇಂಥ ಟೈರು ಕೊಯ್ದು ಚಪ್ಪಲಿ ಮಾಡಿ ಮಾರುತ್ತಿದ್ದರು. ಕೂಲಿಗೆ ಹೋಗುವವರ ಕಾಲಲ್ಲಿ ಅದು ವರ್ಷಗಟ್ಟಲೆ ಬಾಳುತ್ತಿತ್ತು.